ರಸೀದಿಯಿಲ್ಲದ ರಾಗಿ

ನನ್ನ ಮಾವನವರು ಕೋರಮಂಡಲ್ ಚಿನ್ನದ ಗಣಿ ಕಾಲೋನಿಯ ನಮ್ಮ ಚರ್ಚಿನ ಹಿರಿಯರು. ಗಣಿ ಮುಚ್ಚಿದ ಮೇಲೆ ಭೂಮಿಯೊಳಕ್ಕೆ ಇಳಿಯುವ ಕೆಲಸ ನಿಂತಿತು, ಕಮಿಟಿಯ ಕುರ್ಚಿಯಿಂದ ಇಳಿಯುವುದನ್ನು ಮಾತ್ರ ಅವರು ಕಲಿಯಲೇ ಇಲ್ಲ. ಸೊಸೆಯಾದವಳು ಇಂಥ ಮಾತು ಆಡಬಾರದು ಎನ್ನುವವರಿದ್ದಾರೆ. ಅವರಿಗೆ ಮೂರು ಹೊತ್ತೂ ಬಡಿಸುವವಳು ನಾನು, ಇಷ್ಟು ಹೇಳುವ ಹಕ್ಕು ನನಗಿದೆ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಗಣಿ ಮುಚ್ಚಿದ ಮೇಲಿನ ವರ್ಷಗಳಲ್ಲಿ ಚರ್ಚಿನ ಬೆಂಚುಗಳು ಖಾಲಿಯಾಗುತ್ತಾ ಬಂದವು. ವಾರವಿಡೀ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು ಭಾನುವಾರ ಏಳುತ್ತಲೇ ಇರಲಿಲ್ಲ. ಆಗಲೂ ಮಾವನವರು ಪ್ರತಿ ಶನಿವಾರ ಹೋಗಿ, ಯಾರೂ ಕೂರದ ಬೆಂಚುಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದರು. ಅದನ್ನು ನೋಡಿದ್ದರಿಂದಲೇ ಅವರ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ.

ಆಮೇಲೆ ಚರ್ಚು ಬೆಳೆಯಿತು, ಅದೂ ಯಾರೂ ಅಂದುಕೊಳ್ಳದ ಕಡೆಯಿಂದ. ನಮ್ಮ ಸಭೆಯ ನಿವೃತ್ತ ನರ್ಸಮ್ಮ ಒಬ್ಬರು ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ ಹೋಗಿ ಜನರ ಬಿಪಿ, ಶುಗರ್ ನೋಡತೊಡಗಿದರು. ಪಾಸ್ಟರೂ ಜೊತೆಗೆ ಹೋದರು. ಕೂಲಿನಾಲಿ ಮಾಡುವ ಕೆಲವು ಮನೆಯವರು ಪ್ರಾರ್ಥನೆಗೆ ಕೂತರು, ಆಮೇಲೆ ಬಸ್ಸು ಹತ್ತಿ ಚರ್ಚಿಗೇ ಬಂದರು. ನಮ್ಮದು ತಮಿಳು ಆರಾಧನೆ, ಬಂದವರದು ಕನ್ನಡ, ತೆಲುಗು. ಪಾಸ್ಟರು ಕನ್ನಡದಲ್ಲಿ ಇನ್ನೊಂದು ಆರಾಧನೆ ಶುರು ಮಾಡಿದರು. ರಾಬರ್ಟ್‌ಸನ್‌ಪೇಟೆಯಿಂದ ಬಾಡಿಗೆ ಕುರ್ಚಿ ತರಿಸುವ ಕಾಲ ಬಂತು. ಕುರ್ಚಿ ಬಂದ ದಿನ ಮಾವನವರು ಅವನ್ನೂ ಒರೆಸಿದರು.

ನಮ್ಮಲ್ಲಿ ಹಿಡಿ ಅಕ್ಕಿ ಎಂಬ ಪದ್ಧತಿಯಿದೆ. ಹೆಂಗಸರು ದಿನಾ ಒಲೆಗೆ ಪಾತ್ರೆ ಇಡುವ ಮುಂಚೆ ದೇವರಿಗೆಂದು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ತಿಂಗಳ ಮೊದಲ ಭಾನುವಾರ ಅದನ್ನು ಚರ್ಚಿಗೆ ತಂದು ಡ್ರಮ್ಮಿಗೆ ಸುರಿಯುತ್ತಾರೆ. ಸ್ತ್ರೀಯರ ಸಂಘ ಅದನ್ನು ಮಾರಿ ಬಂದ ಹಣವನ್ನು ಸಭೆಗೆ ಕೊಡುತ್ತದೆ. ಸಂಘದ ಕಾರ್ಯದರ್ಶಿ ನಾನು. ಹಳ್ಳಿಯ ಹೆಂಗಸರು ಬಂದ ಮೇಲೆ ಡ್ರಮ್ಮಿನ ಪಕ್ಕ ರಾಗಿಯ ಚೀಲವೂ ಬಂದು ಕೂತಿತು. ಅಕ್ಕಿಗೆ ಗಿರಾಕಿ ಇದ್ದರು. ರಾಗಿಯನ್ನು ಕೇರಿ, ತೊಳೆದು, ಒಣಗಿಸಿ, ಮಿಲ್ಲಿಗೆ ಹೊರುವ ತಾಪತ್ರಯ ನಮ್ಮ ಕಾಲೋನಿಯಲ್ಲಿ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ನಾನೇ ಒಂದು ಬೆಲೆ ಹೇಳಿ, ನಾನೇ ಅದಕ್ಕೆ ಒಪ್ಪಿ, ನಾನೇ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಮಾವನವರಿಗೆ ಸಕ್ಕರೆ ಕಾಯಿಲೆ. ರಾತ್ರಿಗೆ ಅನ್ನ ಬಿಟ್ಟು ಮುದ್ದೆ ತಿನ್ನಿ ಎಂದು ನರ್ಸಮ್ಮ ಹೇಳಿದ್ದರು. ಎರಡು ವರ್ಷ ಆ ರಾಗಿಯ ಮುದ್ದೆ ತಿಂದು, ಶುಗರ್ ಇಳಿದು, ಮಾವನವರು ಕಮಿಟಿಯಲ್ಲಿ ಮೊದಲಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದರು.

ಆ ರಾಗಿ ಒಟ್ಟುಮಾಡಿ ತರುತ್ತಿದ್ದವಳು ಕಾಮಸಮುದ್ರದ ಆಚೆಯ ಹಳ್ಳಿಯವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಕೂಲಿ ಕೆಲಸ, ಜೊತೆಗೆ ನಾಲ್ಕು ಮೇಕೆ. ಪ್ರತಿ ಶುಕ್ರವಾರ ಸಂಜೆ ಅವಳ ಮನೆಯ ಅಂಗಳದಲ್ಲೇ ಪ್ರಾರ್ಥನೆ ನಡೆಯುತ್ತಿತ್ತು. ಪಾಸ್ಟರು ಬಾರದಿದ್ದ ವಾರ ಅವಳೇ ನಡೆಸುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ, ಕೇಳಿದ್ದನ್ನೆಲ್ಲ ನೆನಪಿಟ್ಟು ಹೇಳುತ್ತಿದ್ದಳು. ಅವಳ ಅತ್ತೆ ಸೊಂಟ ಮುರಿದು ಮಲಗಿದವರು, ಅಂಗಳಕ್ಕೆ ಮಂಚ ತಂದರೆ ಅಲ್ಲಿಂದಲೇ ಹಾಡುವವರು.

ಸಭೆ ಬೆಳೆದಂತೆ ಖರ್ಚೂ ಬೆಳೆಯಿತು. ಹಳ್ಳಿಗೆ ಹೋಗುವ ವ್ಯಾನಿನ ಡೀಸೆಲ್ ಲೆಕ್ಕ ನೋಡಿ ಮಾವನವರು ಒಂದು ಸಲಹೆ ತಂದರು: ಅಂಗಳದ ಪ್ರಾರ್ಥನೆ ನಿಲ್ಲಿಸಿಬಿಡೋಣ, ಎಲ್ಲರೂ ಭಾನುವಾರ ಕೋರಮಂಡಲ್‌ಗೇ ಬರಲಿ. ಲೆಕ್ಕದ ಹಿಂದೆ ಇದ್ದದ್ದು ಬೇರೆ. ಜನ ಅಲ್ಲಲ್ಲೇ ಕೂತುಬಿಟ್ಟರೆ ತಮ್ಮ ಬೆಂಚುಗಳು ಮತ್ತೆ ಖಾಲಿಯಾಗುತ್ತವೆ ಎಂಬ ಹೆದರಿಕೆ ಅವರದು. ಹೊಸ ಕಮಿಟಿ ಬಂದ ಮೇಲೆ ತೀರ್ಮಾನ ಎಂದರು ಪಾಸ್ಟರು. ಚುನಾವಣೆಗೆ ಎರಡು ತಿಂಗಳಿತ್ತು.

ಸುದ್ದಿ ಕೇಳಿ ಆ ರಾಗಿಯವಳು ಆರಾಧನೆ ಮುಗಿದ ಮೇಲೆ ನನ್ನನ್ನು ಹಿಂದಿನ ಜಗಲಿಗೆ ಕರೆದಳು.

"ಅಂಗಳದ ಪ್ರಾರ್ಥನೆ ನಿಲ್ಲಿಸ್ತಾರಂತಲ್ಲಕ್ಕ. ನಾನೇನೋ ಇಲ್ಲಿಗೆ ಬತ್ತೀನಿ, ನಮ್ಮತ್ತೇನ ಎಂಗೆ ಕರ್ಕೊಂಬರ್ಲಿ? ಎರಡು ಬಸ್ಸು ಅತ್ತಿಸಿ ಇಳಿಸ್ಬೇಕು. ವಾರಕ್ಕೆಲ್ಲ ಆಯಮ್ಮಂಗೆ ಅದೊಂದೇ ಸಂಜೆ ಇರೋದು."

"ಹಾಗಾದ್ರೆ ಕಮಿಟಿಗೆ ನಿಂತ್ಕೋ. ಒಳಗೆ ಕೂತು ಈ ಮಾತೇ ಹೇಳು."

"ನನ್ನ ಒಳಕ್ಕೆ ಬಿಡ್ತಾರಾ?"

"ಯಾಕೆ ಬಿಡಲ್ಲ, ನೋಡೇಬಿಡೋಣ," ಎಂದೆ. ಪಾಸ್ಟರಿಗೂ ಖುಷಿಯಾಯಿತು. ನಾನೇ ಅರ್ಜಿ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ ಕೊಟ್ಟೆ.

ಮಾವನವರು ಅದನ್ನು ಅರ್ಧ ನಿಮಿಷದಲ್ಲಿ ಬದಿಗಿಟ್ಟರು. ಹನ್ನೆರಡು ತಿಂಗಳ ಚಂದಾ ರಸೀದಿ ಇದ್ದವರು ಮಾತ್ರ ಕಮಿಟಿಗೆ ನಿಲ್ಲಬಹುದು, ಅದು ಹಳೆಯ ನಿಯಮ. ಅವಳು ಚಂದಾ ಕಟ್ಟಿರಲಿಲ್ಲ.

"ಎರಡು ವರ್ಷ ರಾಗಿ ಕೊಟ್ಟಿದ್ದಾಳಲ್ಲ ಮಾವ," ಎಂದೆ ಮನೆಯಲ್ಲಿ.

"ರಾಗಿ ರಾಗೀನೇ, ಚಂದಾ ಚಂದಾನೇ. ರಸೀದಿ ಎಲ್ಲಿಮ್ಮಾ?"

ವಾದ ಮಾಡಲು ನನಗೆ ಬರುತ್ತದೆ, ಆದರೆ ಅಡುಗೆಮನೆ ಇರುವಾಗ ವಾದ ಯಾಕೆ?

ಮುಂದಿನ ಮೊದಲ ಭಾನುವಾರ ಬಂದ ರಾಗಿಯನ್ನು ನಾನು ಕೊಳ್ಳಲಿಲ್ಲ. ವಾಪಸ್ ತೆಗೆದುಕೊಂಡು ಹೋಗು ಎಂದರೆ ಅವಳು ಒಪ್ಪಲಿಲ್ಲ. "ದೇವ್ರಿಗೆ ಇಟ್ಟಿದ್ದು ಎಂಗಕ್ಕ ವಾಪಸ್ ತಗಳದು?" ಎಂದಳು. ಸರಿ, ಚೀಲವನ್ನು ಒಯ್ದು ಕಮಿಟಿ ಕೂರುವ ಕೋಣೆಯ ಮೇಜಿನ ಕೆಳಗಿಟ್ಟೆ, ಅದೂ ಮಾವನವರ ಕುರ್ಚಿಯ ನೇರಕ್ಕೆ. ಕಾಲು ಚಾಚಿದರೆ ತಗಲುವ ಹಾಗೆ.

ಮನೆಯಲ್ಲಿದ್ದ ಹಿಟ್ಟು ವಾರದಲ್ಲಿ ಮುಗಿಯಿತು. ಅಂದು ರಾತ್ರಿ ಅನ್ನ, ಸಾರು ಬಡಿಸಿದೆ.

"ಎನ್ನಮ್ಮಾ ಇದು, ಕಳಿ ಎಲ್ಲಿ?" ಎಂದರು. ನಮ್ಮ ಮನೆಮಾತಿನಲ್ಲಿ ಮುದ್ದೆಯೇ ಕಳಿ.

"ರಾಗಿ ಇಲ್ಲ ಮಾವ. ಚರ್ಚಿಂದ ತರ್ತಿದ್ದೆ. ನೀವು ಅದು ಲೆಕ್ಕಕ್ಕಿಲ್ಲ ಅಂದ್ರಲ್ಲ. ಲೆಕ್ಕಕ್ಕಿಲ್ಲ ಅಂದ್ಮೇಲೆ ಅದನ್ನ ಮಾರೋಕೆ ನಾನ್ಯಾರು?"

ಅವರು ಅನ್ನ ಕಲಸಿದರು. ಮೂರನೇ ದಿನ ತಾವೇ ರಾಬರ್ಟ್‌ಸನ್‌ಪೇಟೆಗೆ ಆಟೋದಲ್ಲಿ ಹೋಗಿ ಹಿಟ್ಟಿನ ಪ್ಯಾಕೆಟ್ ತಂದರು. ನಾನು ಅದರಲ್ಲೂ ಮುದ್ದೆ ತೊಳಸಿಕೊಟ್ಟೆ. ಆ ರಾತ್ರಿ ಮುದ್ದೆಯಲ್ಲಿ ಗಂಟುಗಳಿದ್ದವು ಎಂಬುದು ನಿಜ. ಇಪ್ಪತ್ತೈದು ವರ್ಷ ಮುದ್ದೆ ಮಾಡಿದ ಕೈಗೆ ಗಂಟು ಹಾಗೇ ಬರುವುದಿಲ್ಲ ಎಂಬುದೂ ನಿಜ. ಎರಡು ತುತ್ತು ನುಂಗಿ ಅವರು ತಟ್ಟೆ ಸರಿಸಿದರು. ನರ್ಸಮ್ಮ ಬಂದು ನೋಡಿದಾಗ ಶುಗರ್ ಮೇಲೆ ಹೋಗಿತ್ತು. ಆಗ ನನಗೆ ಸ್ವಲ್ಪ ಭಯವಾಯಿತು, ನಾಚಿಕೆಯೂ ಆಯಿತು. ಮರುದಿನವೇ ಗಂಟಿಲ್ಲದ ಮುದ್ದೆ ಮಾಡಿ ಮುಂದಿಟ್ಟೆ.

ಮಾವನವರು ಮುದ್ದೆ ಮುರಿಯದೆ ಕೇಳಿದರು, "ಅವಳ ಮನೇಲಿ ಎಷ್ಟು ಜನ?"

"ಐದು."

"ಹೊಲ ಇದೆಯಾ?"

"ಇಲ್ಲ. ರಾಗಿಯೂ ಕೊಂಡು ತಿನ್ನೋದೇ."

ಆಮೇಲೆ ಅವರು ಮುದ್ದೆ ಮುರಿದರು.

ಚುನಾವಣೆಯ ಮಹಾಸಭೆ ನಡೆದ ದಿನ ಹಳ್ಳಿಯಿಂದ ಎಲ್ಲ ಮನೆಯವರೂ ಬಂದಿದ್ದರು. ಬಾಡಿಗೆ ಕುರ್ಚಿ ಸಾಲದೆ ಕೆಲವರು ನಿಂತಿದ್ದರು. ಪಾಸ್ಟರು ಹೆಸರುಗಳನ್ನು ಓದಿದರು, ಅವಳ ಹೆಸರು ಅದರಲ್ಲಿರಲಿಲ್ಲ. ಅವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ನಾನು ಎದ್ದು ನಿಂತು ಕೂಗಾಡಬೇಕೆಂದು ಸಿದ್ಧಳಾಗಿದ್ದೆ, ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಮಾವನವರು ಬೆಂಚು ಹಿಡಿದು ಎದ್ದರು.

"ಒಂದು ಹೆಸರು ಬಿಟ್ಟೋಗಿದೆ," ಎಂದರು ತಮ್ಮ ಅರೆಬರೆ ಕನ್ನಡದಲ್ಲಿ. "ಬಿಟ್ಟಿದ್ದು ನಾನು. ರಸೀದಿ ಇಲ್ಲ ಅಂದೆ. ಎರಡು ವರ್ಷ ಈಯಮ್ಮ ದೇವರಿಗೆ ಇಟ್ಟ ರಾಗೀನ ದಿನಾ ರಾತ್ರಿ ತಿಂದು ಮಲಗಿದ್ದು ಕೂಡ ನಾನೇ. ಯಾರಿಗಾದ್ರೂ ರಸೀದಿ ಬೇಕು ಅಂದ್ರೆ ನನ್ನನ್ನ ನೋಡ್ಕಳ್ಳಿ."

ಮೊದಲು ನಕ್ಕವರು ಹಳ್ಳಿಯ ಹೆಂಗಸರು. ಆಮೇಲೆ ಬೆಂಚುಗಳವರೂ ನಕ್ಕರು. ಕೈ ಎತ್ತಿಸಿದಾಗ ಅವಳಿಗೆ ಬಿದ್ದಷ್ಟು ಮತ ಮಾವನವರಿಗೂ ಬೀಳಲಿಲ್ಲ. ನಾನು ಮನೆಗೆ ಬರುವ ದಾರಿಯುದ್ದಕ್ಕೂ ಉಬ್ಬಿಹೋಗಿದ್ದೆ. ಒಂದು ಚೀಲ ರಾಗಿ, ನಾಲ್ಕು ಗಂಟು, ಇಷ್ಟರಲ್ಲೇ ಒಂದು ಚರ್ಚನ್ನು ತಿರುಗಿಸಿಬಿಟ್ಟೆ ಎಂಬ ಜಂಬ.

ಹೊಸ ಕಮಿಟಿಯ ಮೊದಲ ಸಭೆ. ನಡಾವಳಿಯನ್ನು ಇನ್ನು ಕನ್ನಡದಲ್ಲೂ ಬರೆಯಬೇಕು ಎಂದಾಗಿತ್ತು, ಆ ಪುಸ್ತಕ ಹಿಡಿದು ನಾನು ಮೂಲೆಯಲ್ಲಿ ಕೂತಿದ್ದೆ. ಅಂಗಳದ ಪ್ರಾರ್ಥನೆಯ ವಿಷಯ ಹತ್ತು ನಿಮಿಷವೂ ಹಿಡಿಯಲಿಲ್ಲ. ವ್ಯಾನು ತಿಂಗಳಿಗೆ ಎರಡು ಸಲ ಹೋಗಲಿ, ಉಳಿದ ಶುಕ್ರವಾರ ಅವಳೇ ನಡೆಸಲಿ ಎಂದು ಮಾವನವರೇ ಸೂಚಿಸಿದರು. ಎಲ್ಲರೂ ಒಪ್ಪಿದರು. ಅವಳು ಕೈ ಮುಗಿದಳು. ನಾನು ಬರೆದುಕೊಂಡೆ.

"ಇನ್ನೇನಾದ್ರೂ ಇದೆಯಾಮ್ಮ?" ಎಂದು ಪಾಸ್ಟರು ಅವಳನ್ನು ಕೇಳಿದರು.

"ಒಂದೈತೆ ಅಯ್ಯಾ." ಅವಳು ನನ್ನ ಕಡೆ ತಿರುಗಿದಳು. "ಅಕ್ಕ, ನಮ್ಮ ರಾಗೀನ ನೀವೇ ತಗಂತಿದ್ರಂತೆ. ಎಷ್ಟಕ್ಕೆ?"

ನಾನು ಪೆನ್ನು ಕೆಳಗಿಟ್ಟೆ. "ಬಂಗಾರಪೇಟೆ ಸಂತೆಯ ಬೆಲೆಯಲ್ಲಿ ಅರ್ಧಕ್ಕೆ."

"ಆ ಬೆಲೆ ಯಾರು ಕಟ್ಟಿದ್ದು?"

"ನಾನೇ." ಯಾರೂ ಕೊಳ್ಳುತ್ತಿರಲಿಲ್ಲ ಎಂದು ಹೇಳಲು ಹೊರಟೆ. ಯಾರನ್ನೂ ಕೇಳಿಯೇ ಇರಲಿಲ್ಲ ಎಂಬುದು ನೆನಪಾಗಿ ಬಾಯಿ ಮುಚ್ಚಿದೆ. ಮಾವನವರು ಕನ್ನಡಕ ತೆಗೆದು ಒರೆಸತೊಡಗಿದರು.

"ಕ್ವಾಪಕ್ಕೆ ಕೇಳ್ತಿಲ್ಲಕ್ಕ," ಎಂದಳು ಅವಳು. "ನೀವು ಇಲ್ದಿದ್ರೆ ನಾನಿಲ್ಲಿ ಕೂರ್ತಿರ್ಲಿಲ್ಲ, ಅದು ನಂಗೊತ್ತು. ಆದ್ರೆ ಆ ಇಡಿ ರಾಗಿ ನಾನು ತೆಗೆದಿಟ್ಟಿದ್ದಲ್ಲ. ನಮ್ಮತ್ತೆ ತನ್ನ ಮುದ್ದೇಲಿ ಕಮ್ಮಿ ಮಾಡಿಸಿ ತೆಗೆಸಿಟ್ಟಿದ್ದು. ಅದಕ್ಕೆ ಅರ್ಧ ಬೆಲೆ ಕಟ್ಟಿದ್ರೆ ಆಯಮ್ಮಂಗೆ ನಾನೇನು ಹೇಳ್ಲಿ?"

ಮಿಕ್ಕ ಅರ್ಧ ನಾನು ಕಟ್ಟುತ್ತೇನೆ ಎಂದೆ.

"ಅದನ್ನೂ ಬರ್ಕೊಳಿ ಅಕ್ಕ."

ಬರೆದೆ. ಎರಡು ವರ್ಷದ ರಾಗಿಯನ್ನು ಅರ್ಧ ಬೆಲೆಗೆ ಕೊಂಡವಳು ಕಾರ್ಯದರ್ಶಿಯೇ ಎಂದು, ಮಿಕ್ಕದ್ದನ್ನು ಆಕೆ ತೀರಿಸತಕ್ಕದ್ದು ಎಂದು.

"ನಂಗೆ ಓದಾಕೆ ಬರಲ್ಲ, ಗಟ್ಟಿಯಾಗಿ ಓದಿ."

ಓದಿದೆ. ಅವಳು ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ಕೇಳಿಸಿಕೊಂಡಳು.

"ಇನ್ನೊಂದ್ಸಲ ಓದಿ ಅಕ್ಕ," ಎಂದಳು. "ತಪ್ಪಿಲ್ದಂಗೆ ನಮ್ಮತ್ತೆಗೆ ಒಪ್ಪಿಸ್ಬೇಕು."