ಬೀಗರ ಮೇಲೊಂದು ಗೋಲು

ಬೀಗರೊಡನೆ ಚೌಕಾಬಾರ ಆಡುವುದು ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕಿನ ವಿದ್ಯೆ. ಆಡುವುದಿಲ್ಲ ಎಂದರೆ ಅಹಂಕಾರ, ಆಡಿ ಗೆದ್ದರೆ ಅಧಿಕಪ್ರಸಂಗ; ಹೆಣ್ಣು ಕೊಡುವವರಿಗೆ ಸೋಲುವುದೇ ಧರ್ಮ. ಆದರೆ ಬೇಕೆಂದೇ ಸೋತದ್ದು ಅವರಿಗೆ ತಿಳಿಯಲೂ ಬಾರದು! ಮೇಲಾಗಿ, ಆಡಿದವರಿಗೆ ಗೊತ್ತಿರುತ್ತದೆ, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ. ಮಗಳು ರಂಜಿತಾಳ ನಿಶ್ಚಿತಾರ್ಥದ ಮಧ್ಯಾಹ್ನ, ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯ ನಮ್ಮ ಹೊಸ ಬೀಗರು ಸಿದ್ದಪ್ಪನವರು ಮಧುಗಿರಿಯ ನಮ್ಮ ಪಡಸಾಲೆಯಲ್ಲಿ ಹುಣಸೆ ಬೀಜ ಹಿಡಿದು ಕೂತಾಗ, ನಾನು ಕಡಿಯಬಹುದಾಗಿದ್ದ ಅವರ ಕಾಯಿಗಳನ್ನೆಲ್ಲ ಕಂಡೂ ಕಾಣದವನಂತೆ ದಾಟಿ, ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದೆ. "ಏನ್ ಬೀಗ್ರೇ, ಒಳಿಕ್ಕೆ ಬರಾಕಿಲ್ವಾ?" ಎಂದು ಅವರು ನಕ್ಕರು. ನಾನೂ ನಕ್ಕೆ. ಕಚೇರಿಯಲ್ಲಿ ಸಾಹೇಬರುಗಳ ಮುಂದೆ ನಕ್ಕೂ ನಕ್ಕೂ ಹದವಾದ ನಗು ಅದು.

ಇಂಥ ಸೋಲಿನ ಸಾಧಕನ ಹೊಟ್ಟೆಯಲ್ಲಿ ಗೆಲ್ಲುವುದನ್ನೇ ಕಲಿತ ಮಗಳು ಹುಟ್ಟಿದ್ದು ವಿಧಿಯ ವಿನೋದವಲ್ಲದೆ ಮತ್ತೇನು? ರಂಜಿತಾ ಫುಟ್‌ಬಾಲ್ ಆಡುತ್ತಾಳೆ. ಬೋಳು ಬಂಡೆಯ ಬೆಟ್ಟದ ಬುಡದಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ಚೆಂಡನ್ನು ಬಂಡೆಗೆ ಒದ್ದು, ಅದು ತಿರುಗಿ ಬಂದುದನ್ನು ಮತ್ತೆ ಒದ್ದು, ಜೊತೆಗಾರರ ಹಂಗಿಲ್ಲದೆ ಆಟ ಕಲಿತಳು. ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗಿಯರ ಲೀಗಿನಲ್ಲಿ ಮಧುಗಿರಿ ತಂಡ ಈ ಸಲ ಗೆದ್ದದ್ದು ಬಹುಮಟ್ಟಿಗೆ ಅವಳ ಬಲಗಾಲಿನ ಕೃಪೆ.

ಕಪ್ಪನ್ನು ಮಾತ್ರ ಶಿರಾದವರು ಗೆದ್ದರು. ಲೀಗಿಗೂ ಕಪ್ಪಿಗೂ ಏನು ವ್ಯತ್ಯಾಸವೆಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಲೀಗೆಂದರೆ ಸಂಸಾರವಿದ್ದ ಹಾಗೆ, ಒಂದು ದಿನ ಸಾರು ಕೆಟ್ಟರೂ ಮರುದಿನ ಸರಿಮಾಡಿಕೊಳ್ಳಬಹುದು. ಕಪ್ಪೆಂದರೆ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು ಸೀದರೆ ಅಲ್ಲಿಗೆ ಮುಗಿಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಕೊರಟಗೆರೆಯ ವ್ಯಾಯಾಮದ ಮೇಷ್ಟ್ರೊಬ್ಬರು ಟೀವಿಯಲ್ಲಿ ದೇಶದ ಸೂಪರ್ ಕಪ್ ಪಂದ್ಯ ನೋಡಿ, ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ಮತ್ತೊಂದು ಪಂದ್ಯ ಇಡಿಸುವ ದಿವ್ಯ ಸಂಕಲ್ಪ ಮಾಡಿಬಿಟ್ಟರು. ಹೊಟ್ಟೆ ತುಂಬ ಉಂಡವರ ಎಲೆಗೇ ಇನ್ನೊಂದು ಹೋಳಿಗೆ ಬಡಿಸುವ ನಮ್ಮ ಜನಕ್ಕೆ ಇದರಲ್ಲಿ ಅಸಹಜವೇನೂ ಕಾಣಲಿಲ್ಲ.

ಅಸಹಜವಾದದ್ದು ನಮ್ಮ ಮನೆಯಲ್ಲಿ. ಏಕೆಂದರೆ ಶಿರಾ ತಂಡದ ಗೋಲ್‌ಕೀಪರ್ ಲಾವಣ್ಯ, ಸಿದ್ದಪ್ಪನವರ ಕಿರಿಮಗಳು. ಅಂದರೆ ನಮ್ಮ ರಂಜಿತಾಳ ನಾದಿನಿಯಾಗಲಿರುವವಳು. ನಿಶ್ಚಿತಾರ್ಥ ಮುಗಿದಿತ್ತು, ಮದುವೆ ಇನ್ನೂ ಆಗಿರಲಿಲ್ಲ. ಸಂಬಂಧವೆಂಬುದು ಹಸಿ ಗಾರೆಯಂತೆ ಮುಟ್ಟಿದರೆ ಅಚ್ಚೊತ್ತುವ ಸ್ಥಿತಿಯಲ್ಲಿತ್ತು. ಇದಕ್ಕೆ ಮುಂಚೆಯೇ ಅಚ್ಚೊಂದು ಬಿದ್ದಿತ್ತು. ನಿಶ್ಚಿತಾರ್ಥದ ದಿನ ಬೀಗಿತ್ತಿ ರತ್ನಮ್ಮನವರು ಎಲೆಯಡಿಕೆ ಮೆಲ್ಲುತ್ತ, "ಮದ್ವೆ ಆದ್ಮೇಲೂ ಇಂಗೇ ಚೆಂಡು ಒದ್ಕೊಂಡು ಓಡಾಡ್ತಾಳಾ?" ಎಂದು ಕೇಳಿದ್ದರು. ಅಳಿಯದೇವರು ತಮ್ಮ ತಾಯಿಯ ಮುಂದೆ ಚಾಪೆಯ ಅಂಚನ್ನು ಅಧ್ಯಯನ ಮಾಡುತ್ತಿದ್ದರು. ನಾನು, "ಅದೇನು ಬಿಡಿ, ನೋಡೋಣ" ಎಂದು ನನ್ನ ಸುಪ್ರಸಿದ್ಧ ನಗೆ ನಕ್ಕಿದ್ದೆ.

ಪಂದ್ಯ ನಿಗದಿಯಾದ ರಾತ್ರಿ ಊಟಕ್ಕೆ ಕೂತಾಗ ಮಗಳು ಬೀಗಿತ್ತಿಯ ಆ ಪ್ರಶ್ನೆ ನೆನೆದು ಒಂದೇ ಮಾತು ಕೇಳಿದಳು: "ಹಂಗಾದ್ರೆ ಸೂಪರ್ ಕಪ್ಪೇ ನನ್ನ ಕೊನೇ ಮ್ಯಾಚಾ ಅಪ್ಪಾ?" ನಾನು ಮುದ್ದೆಗೆ ಇನ್ನಷ್ಟು ಸಾರು ಬಿಟ್ಟುಕೊಂಡೆ. ಉತ್ತರ ಕೊಡುವ ಧೈರ್ಯ ನನಗೂ ಇರಲಿಲ್ಲ, ಅವಳಮ್ಮನಿಗೂ ಇರಲಿಲ್ಲ.

ಧೈರ್ಯವಿದ್ದದ್ದು ನಮ್ಮ ಸೋದರತ್ತೆ ಹನುಮಕ್ಕನಿಗೆ. ಆಕೆ ಪಂದ್ಯದ ಬೆಳಿಗ್ಗೆ ಬಂದವಳೇ ಸೆರಗು ಸಿಕ್ಕಿಸಿ, "ನಾದ್ನಿ ಮೇಲೆ ಗೋಲು ಹೊಡುದ್ರೆ ಜನ್ಮವೆಲ್ಲಾ ಆಡ್ಕಂತಾಳೆ ಕಣಮ್ಮ. ಮೆತ್ತಗೆ ಒದ್ದು ಬಂದ್ಬುಡು, ನಿನ್ ಗಂಟೇನು ಹೋಗ್ತದೆ?" ಎಂದು ಆಜ್ಞಾಪಿಸಿದಳು. ನನ್ನ ಚೌಕಾಬಾರದ ನೀತಿಯನ್ನೇ ಆಕೆ ಫುಟ್‌ಬಾಲಿಗೆ ಅನ್ವಯಿಸಿದ್ದಳು, ಹಾಗಾಗಿ ನಾನೂ ತಲೆಯಾಡಿಸಿದೆ. ಮಗಳು ನಮ್ಮಿಬ್ಬರನ್ನೂ ನೋಡಿ ಬೂಟಿನ ಲೇಸು ಬಿಗಿಯತೊಡಗಿದಳು.

ಪಂದ್ಯ ಕೊರಟಗೆರೆಯಲ್ಲಿ, ಇಬ್ಬರಿಗೂ ಸಲ್ಲದ ಮೈದಾನದಲ್ಲಿ. ರೆಫರಿ ಪಾವಗಡದವರು, ಕನ್ನಡ ತೆಲುಗುಗಳೆರಡನ್ನೂ ಒಂದೇ ಸೀಟಿಯಲ್ಲಿ ಊದಬಲ್ಲ ಪ್ರಚಂಡ. ಶಾಮಿಯಾನದ ಕೆಳಗೆ ಎರಡೂ ಮನೆಯವರು ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಕಡಲೆಕಾಯಿ ಸುಲಿದು ಕೊಡುತ್ತಿದ್ದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ರಂಜಿತಾಳ ಕಾಲಿಗೆ ಚೆಂಡು ಸಿಕ್ಕಿತು, ಎದುರಿಗೆ ಲಾವಣ್ಯ ಒಬ್ಬಳೇ. ಮಗಳು ಮಲಗಿದ ಕೂಸನ್ನು ತಟ್ಟುವಂತೆ ಚೆಂಡನ್ನು ತಟ್ಟಿದಳು. ಅಂಥ ಚೆಂಡನ್ನು ನಮ್ಮ ಹನುಮಕ್ಕನಾದರೂ ಕೂತಲ್ಲಿಂದಲೇ ಹಿಡಿಯಬಹುದಿತ್ತು. ಆದರೆ ಏನಾಶ್ಚರ್ಯ! ಲಾವಣ್ಯ ಪೂರಾ ಉಲ್ಟಾ ದಿಕ್ಕಿಗೆ ಹಾರಿ ಮಣ್ಣಿನಲ್ಲಿ ಹೊರಳಿದಳು. ಚೆಂಡು ಯಾರಿಗೂ ಬೇಡವಾಗಿ, ಗೆರೆಗೆ ಗೇಣು ದೂರದಲ್ಲಿ ನಿಂತಿತು. ರೆಫರಿ ಹಣೆ ಚಚ್ಚಿಕೊಂಡು, "ಏಮ್ಮಾ, ಆಟ ಆಡ್ತೀರಾ, ಇಲ್ಲಾ ಅರಿಶಿನ ಕುಂಕುಮ ಕೊಟ್ಕೊಂಡು ಮನೆಗೋಗ್ತೀರಾ?" ಎಂದು ಕೂಗಿದರು.

ವಿರಾಮದಲ್ಲಿ ನೀರಿನ ಡ್ರಮ್ಮಿನ ಬಳಿ ಇಬ್ಬರೂ ಎದುರುಬದುರಾದರು. ನಾನು ಲೋಟ ಹಿಡಿದು ಪಕ್ಕದಲ್ಲೇ ಇದ್ದೆ. "ಯಾಕೆ ಬಿಟ್ಟೆ?" ಎಂದಳು ನಮ್ಮವಳು. "ಮನೆಗೆ ಬರೋ ಲಕ್ಷ್ಮೀನ ತಡೀಬಾರ್ದು, ಒಂದು ಗೋಲು ಬುಟ್ಬುಡು ಅಂತ ಅಮ್ಮ ಆಣೆ ಹಾಕ್ಸೈತೆ. ನೀನ್ಯಾಕೆ ಅಂಗೆ ಒದ್ದೆ?" ಎಂದಳು ಅವಳು. ನಮ್ಮವಳು ನನ್ನತ್ತ ಬೆರಳು ತೋರಿಸಿದಳು. ಮೈದಾನವೇ ತಿರುಗಿ ನೋಡುವಂತೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಲಾವಣ್ಯ ಕೈಗವಸು ಬಿಗಿಯುತ್ತ ಹೇಳಿದ ಮಾತಿನಲ್ಲಿ ನಗು ಇರಲಿಲ್ಲ: "ಇನ್ನೊಂದು ಸಲ ಅಂಗೆ ಒದ್ದೀಯ, ನಿನ್ನ ಅತ್ಗೆ ಅಂತ ಕರಿಯಾಕಿಲ್ಲ."

ಉತ್ತರಾರ್ಧದಲ್ಲಿ ಧೂಳೆದ್ದಿತು. ನಮ್ಮವಳು ಒದ್ದದ್ದನ್ನೆಲ್ಲ ಲಾವಣ್ಯ ಹಾರಿ, ಬಿದ್ದು, ಮೊಣಕೈ ತರಚಿಕೊಂಡು ತಡೆದಳು. ಶಾಮಿಯಾನದಲ್ಲಿ ಕಡಲೆಕಾಯಿ ಸುಲಿಯುವುದು ನಿಂತೇಹೋಯಿತು. ಕೊನೆಯ ಹೊತ್ತಿಗೆ ಮಧುಗಿರಿಗೊಂದು ಪೆನಾಲ್ಟಿ ಸಿಕ್ಕಿತು. ಚೆಂಡಿಟ್ಟು ಹಿಂದೆ ಸರಿದ ಮಗಳು ಒಮ್ಮೆ ನನ್ನ ಕಡೆ ನೋಡಿದಳು. ಇದು ಕೊನೆಯ ಒದೆತವೇ ಎಂದು ಆ ಕಣ್ಣು ಕೇಳುತ್ತಿತ್ತು. ಬೀಗರ ಪಕ್ಕದಲ್ಲಿ ಕೂತಿದ್ದೇನೆಂಬುದನ್ನು ಮರೆತು, ಎದ್ದು ನಿಂತು, "ಒದಿಯೇ!" ಎಂದು ಕಿರುಚಿಬಿಟ್ಟೆ.

ಒದ್ದಳು. ಲಾವಣ್ಯ ಸರಿಯಾದ ದಿಕ್ಕಿಗೇ ಹಾರಿದಳು, ಬೆರಳ ತುದಿಗೆ ತಾಗಿಸಿದಳು ಕೂಡ. ಆದರೂ ಬಲೆ ಅಲುಗಿತು. "ಹೋಯ್ತಲ್ಲಪ್ಪಾ ಸಂಬಂಧ!" ಎಂದು ಹನುಮಕ್ಕ ತಲೆಯ ಮೇಲೆ ಕೈ ಹೊತ್ತಳು. ಸಿದ್ದಪ್ಪನವರು ಪಂಚೆಯ ಮೇಲಿನ ಸಿಪ್ಪೆ ಕೊಡವಿದರು. ರತ್ನಮ್ಮನವರು ಮಗಳ ಮೊಣಕೈಗೆ ಅರಿಶಿನ ಹಚ್ಚಬೇಕೆಂದು ಎದ್ದು ಹೋದರು. ಮದುವೆಯವರೆಗೂ ಆ ಮನೆಯಿಂದ ಸೂಪರ್ ಕಪ್ಪಿನ ಬಗ್ಗೆ ಒಂದಕ್ಷರ ಬರಲಿಲ್ಲ, ಮತ್ತು ಫೋನು ಗಣಗಣಿಸಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ.

ಮದುವೆ ನಡೆಯಿತು. ಗೌಡಗೆರೆಯಲ್ಲಿ ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾದಿನಿ ಬಾಗಿಲು ತಡೆದು ಮಾತು ತೆಗೆದುಕೊಳ್ಳುವುದು ವಾಡಿಕೆಯಷ್ಟೆ. ನಿನ್ನ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಕೇಳುತ್ತಾರೆ, ಹುಟ್ಟದ ಮಕ್ಕಳ ಮದುವೆಗೆ ಎಲ್ಲರೂ ನಗುತ್ತಾರೆ. ಲಾವಣ್ಯ ರೇಷ್ಮೆ ಸೀರೆಯಲ್ಲೇ ಕಾಲಗಲಿಸಿ, ಎರಡೂ ಕೈ ಚಾಚಿ, ಥೇಟು ಗೋಲಿನ ಮುಂದೆ ನಿಂತ ಭಂಗಿಯಲ್ಲೇ ನಿಂತಳು.

"ಗೋಲಲ್ಲಿ ನಿನ್ನ ತಡಿಯಾಕೆ ಆಗ್ಲಿಲ್ಲ. ಅದಕ್ಕೇ ಇಲ್ಲಿ ತಡ್ದಿದೀನಿ. ಇನ್ಮೇಲೆ ನಮ್ ಶಿರಾ ಕಡೆಗೆ ಆಡ್ತೀನಿ ಅಂತ ಮಾತು ಕೊಡತ್ಗೆ, ಬುಡ್ತೀನಿ."

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ರತ್ನಮ್ಮನವರ ಮೇಲೆ. ನನ್ನ ಮಗಳ ಕಣ್ಣು ಮಾತ್ರ ನೆಲದ ಮೇಲೆ. ಬೀಗಿತ್ತಿ ಆರತಿ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಮಾತು ಕೊಟ್ಬುಡು ಕಣಮ್ಮ, ಎಷ್ಟೊತ್ತು ಹೊಸ್ತಿಲಲ್ಲಿ ನಿಂತ್ಕಂತೀಯ? ಸೇರು ಮಾತ್ರ ಮೆತ್ತಗೆ ಒದಿ, ಎದುರಿನ ಬೀರುವಿನ ಗಾಜು ಹೊಸದು" ಎಂದರು. ಆಗ ಎದ್ದ ನಗೆಯಲ್ಲಿ ನನ್ನ ಹೆಂಡತಿ ಅಳುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಅಕ್ಕಿ ಒಳಕ್ಕೆ ಚೆಲ್ಲಿತು. ಮಧುಗಿರಿಯ ಕೈಯಿಂದ ಮಗಳೂ ಹೋದಳು, ಮುಂದಿನ ಲೀಗೂ ಹೋಯಿತು.

ಊಟವಾದ ಮೇಲೆ ಸಿದ್ದಪ್ಪನವರು ಜಗಲಿಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ನನ್ನ ಕೈಗಿಟ್ಟರು. ಎಂದಿನಂತೆ ನನ್ನ ಕಾಯಿ ಹೊರಸುತ್ತಿನಲ್ಲಿತ್ತು, ಅವರದು ಮೂರು ಮನೆ ಮುಂದಿತ್ತು. ಬೀಜ ಎಸೆದೆ, ಮೂರು ಬಿತ್ತು. ನಗಲಿಲ್ಲ, ದಾಟಲಿಲ್ಲ, ಕಡಿದೇಬಿಟ್ಟೆ. ಬೀಗರು ಸತ್ತ ಕಾಯಿಯನ್ನು ಎತ್ತಿಕೊಂಡು, ಸರಿದು ಕೂತು ಹೇಳಿದರು:

"ಬನ್ನಿ ಬೀಗ್ರೇ, ಈಗ ಒಳಿಕ್ಕೆ ಬನ್ನಿ."