ಕೂರಲೊಲ್ಲದ ದರ್ಜಿ

ತೊಡೆಸಂದಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನಮ್ಮ ಬೀದಿಯ ದರ್ಜಿ ಕೂತದ್ದನ್ನು ಹೆಂಡತಿ ಕಂಡಿರಲೇ ಇಲ್ಲ. ಕೂತರೆ ಒಳಗಿನ ಜಾಲರಿ ಮಡಚಿಹೋಗುತ್ತದೆಂದು ಅವನಿಗೆ ಹೆದರಿಕೆ. ಉಣ್ಣುವುದು ನಿಂತೇ, ಗುಂಡಿ ಹಚ್ಚುವುದೂ ನಿಂತೇ; ಸೂಜಿ ಬಿದ್ದರೆ ಗಿರಾಕಿಯೇ ಬಗ್ಗಬೇಕು. ಪ್ಯಾಂಟಿನ ಅಳತೆಗೆ ಬಂದವರನ್ನು ಸ್ಟೂಲು ಹತ್ತಿಸುತ್ತಿದ್ದ. "ಕುದುರೇನೂ ಒಂದೊಂದ್ಸಲ ಮಲಗುತ್ತೆ ಕಣ್ರೀ," ಎನ್ನುತ್ತಿದ್ದಳು ಹೆಂಡತಿ. "ಸುಮ್ನಿರೇ, ಕಾಲು ನಂದು." ನಿನ್ನೆ ಡಾಕ್ಟರು ಅವನ ಮಂಡಿ ಎತ್ತಿಸಿ ತೆರೆಯ ಮೇಲೆ ತೋರಿಸಿದರು: "ನೋಡಿ, ಬಾಗುತ್ತೆ, ಮತ್ತೆ ನೆಟ್ಟಗಾಗುತ್ತೆ. ಕಂಬದ ಹಾಗೆ ನಿಂತ್ರೇನೇ ರಕ್ತ ಹೆಪ್ಪುಗಟ್ಟೋದು. ಓಡಾಡಿ, ಕೂತ್ಕೊಳ್ಳಿ." ಮನೆಗೆ ಬಂದವನು ಹೆಂಡತಿಯ ಪಕ್ಕ ಮೆಲ್ಲಗೆ ನೆಲಕ್ಕೆ ಕೂತ. "ಕಾಲಿನ ಭಯ ಅಲ್ಲ ಕಣೇ. ನಾನು ಹೋದ್ರೆ ನೀನು ಒಬ್ಳೇ ಆಗ್ತೀಯಲ್ಲ ಅಂತ," ಅಂದ. "ಎರಡು ತಿಂಗಳಿಂದ ಒಬ್ಳೇ ಕೂತಿದ್ದೀನಲ್ರೀ!" ಎಂದು ಅವಳು ಬಿದ್ದು ಬಿದ್ದು ನಕ್ಕಳು.