ಹೊಟ್ಟೆ ದಾಟದ ಕ್ಯಾಪ್ಸೂಲು

ಔಷಧ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವಳನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ಆರು ಗಾಜಿನ ಕೊಳವೆಗಳಲ್ಲಿ ಆರು ಮಾತ್ರೆ ಹಾಕಿ, ಮೈಯಷ್ಟೇ ಬೆಚ್ಚಗಿನ ಆಮ್ಲದ ನೀರಿನಲ್ಲಿ ಅವು ಏಳುತ್ತ ಮುಳುಗುತ್ತ ಎಷ್ಟು ಹೊತ್ತಿಗೆ ಒಡೆಯುತ್ತವೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದಿಡುವುದು. ಹಾಲು ಕಾಯಲಿಟ್ಟರೂ ಕೈಗಡಿಯಾರ ನೋಡುತ್ತಾಳೆಂದು ಗಂಡ ರೇಗಿಸುತ್ತಿದ್ದ.

ಆ ವರ್ಷ ಬಂದ ಕ್ಯಾಪ್ಸೂಲು ಬೇರೆ ತರಹದ್ದು. ಗರ್ಭಕಂಠದ ಕ್ಯಾನ್ಸರ್ ಬಾರದಂತೆ ತಡೆಯುವ ಚುಚ್ಚುಮದ್ದಲ್ಲ. ಆ ರೋಗದ ವೈರಸ್ಸು ಆಗಲೇ ಮೈಹೊಕ್ಕು, ಗರ್ಭಕಂಠದಲ್ಲಿ ಕ್ಯಾನ್ಸರಿಗೆ ತಿರುಗಬಲ್ಲ ಮಚ್ಚೆ ಎಬ್ಬಿಸಿದ್ದರೆ ಅಂಥವರು ನುಂಗುವ ಲಸಿಕೆ. ಒಳಗಿದ್ದದ್ದು ಮೊಸರಿನಲ್ಲಿರುವಂಥ ನಿರುಪದ್ರವಿ ಬ್ಯಾಕ್ಟೀರಿಯಾ, ಅದರ ಮೈಮೇಲೆ ವೈರಸ್ಸಿನ ಒಂದು ತುಣುಕು. ಅದು ಕರುಳಿಗೆ ತಲುಪಿದರೆ ಅಲ್ಲಿನ ಕಾವಲು ಕಣಗಳು ಆ ತುಣುಕಿನ ಗುರುತು ಹಿಡಿದು, ಮಚ್ಚೆಯಿರುವಲ್ಲಿಗೆ ಹೋಗಿ ಎರಗಬೇಕು. ತಲುಪಿದರೆ ತಾನೆ? ಜಠರದಲ್ಲೇ ಒಡೆದರೆ ನುಂಗಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಅದಕ್ಕಾಗಿ ಮೇಲೊಂದು ಲೇಪ. ಎರಡು ಗಂಟೆ ಆಮ್ಲ ತಡೆಯಬೇಕು. ಅವಳ ಕೊಳವೆಗಳಲ್ಲಿ ತಡೆದಿತ್ತು.

ಆ ಧೈರ್ಯದ ಮೇಲೆಯೇ ಅವಳು, ಅಂಥದೇ ಮಚ್ಚೆಯಿದ್ದ ನಾದಿನಿಯನ್ನು, ಕ್ಯಾಪ್ಸೂಲನ್ನು ರೋಗಿಗಳಿಗೆ ಕೊಟ್ಟು ನೋಡುವ ಪ್ರಯೋಗಕ್ಕೆ ಸೇರಿಸಿದ್ದು. ನಾದಿನಿ ಬಟ್ಟೆ ಹೊಲಿಯುವವಳು, ಮದುವೆಯಾಗಿ ಮೂರು ವರ್ಷ, ಮಕ್ಕಳಿರಲಿಲ್ಲ. ಮಚ್ಚೆಯನ್ನು ಕತ್ತರಿಸಿ ತೆಗೆಯೋಣವೆಂದು ಡಾಕ್ಟರು ಹೇಳಿದಾಗ, ಮುಂದೆ ಬಸಿರು ನಿಲ್ಲದಿದ್ದರೆ ಎಂದು ಹೆದರಿದ್ದಳು. ನಾಲ್ಕು ತಿಂಗಳು ಕ್ಯಾಪ್ಸೂಲು ನುಂಗಿ ನೋಡಬಹುದು, ಆದರೆ ಅರ್ಧ ಜನಕ್ಕೆ ಬರಿಯ ಪುಡಿ ಸಿಗುತ್ತದೆ, ಯಾರಿಗೆ ಯಾವುದೆಂದು ಕೊನೆಯವರೆಗೂ ತಿಳಿಯುವುದಿಲ್ಲ ಎಂದು ಅವರೇ ಬಿಡಿಸಿ ಹೇಳಿದ್ದರು. ಸಹಿ ಹಾಕುವ ಮುನ್ನ ನಾದಿನಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ತಲೆಯಾಡಿಸಿದಳು.

ಹತ್ತನೆಯ ವಾರದಲ್ಲಿ ಒಂದು ಮಧ್ಯಾಹ್ನ ಗಡಿಯಾರದಕ್ಕ ಹೊಲಿಗೆ ಅಂಗಡಿಗೆ ಹೋದಳು. ಇಸ್ತ್ರಿಯ ಹಬೆಗೆ ಆ ಇಕ್ಕಟ್ಟಿನ ಕೋಣೆಯ ಗೋಡೆಗಳು ಬೆವರುತ್ತಿದ್ದವು. ನಾದಿನಿ ಗುಂಡಿಗಳ ಡಬ್ಬಿ ತೆರೆದು, ಗುಂಡಿಗಳ ನಡುವಿನಿಂದ ಕ್ಯಾಪ್ಸೂಲೊಂದನ್ನು ಹೆಕ್ಕಿದಳು. ಅದಕ್ಕೆ ಅಂಟಿಕೊಂಡು ಇನ್ನೊಂದೂ ಬಂತು. ಉಗುರಿನಿಂದ ಬಿಡಿಸಿ, ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಗಡಿಯಾರದಕ್ಕ ಉಳಿದ ಕ್ಯಾಪ್ಸೂಲನ್ನು ಬೆರಳಿನಲ್ಲಿ ಒತ್ತಿ ನೋಡಿದಳು; ಹಬೆಗೆ ಲೇಪ ಅಂಟಂಟಾಗಿತ್ತು. “ಶೀಶೆ ಎಲ್ಲೇ?”

“ಅದರ ಮೇಲೆ ಕಾಯಿಲೆ ಹೆಸರು ಇಷ್ಟಗಲ ಬರೆದಿದ್ದಾರೆ, ಅತ್ತಿಗೆ. ನಮ್ಮತ್ತೆ ಕಣ್ಣಿಗೆ ಬಿದ್ರೆ ಮನೇಲಿ ಇರಗೊಡ್ತಾರಾ? ಪ್ರತಿಸಲ ಕೊಟ್ಟ ದಿನಾನೇ ಬಿಸಾಕ್ತೀನಿ.”

ಮರುದಿನ ಗಡಿಯಾರದಕ್ಕ ಪರೀಕ್ಷಾ ಕೋಣೆಯ ಮುಖ್ಯಸ್ಥೆಯ ಮುಂದೆ ನಿಂತಳು. ಶೀಶೆಯೊಳಗಿಟ್ಟು ಸೆಕೆಯಲ್ಲಿ ಆರು ತಿಂಗಳು ಪರೀಕ್ಷಿಸಿಯಾಗಿದೆ, ಇನ್ನೇನಿದೆ ಎಂದು ಮೇಡಂ ಕೇಳಿದರು. ಶೀಶೆಯಿಂದ ಹೊರಗಿಟ್ಟೂ ನೋಡಬೇಕೆಂದು ಇವಳು ಪಟ್ಟು ಬಿಡಲಿಲ್ಲ. ಒಪ್ಪಿಗೆ ಸಿಕ್ಕ ಮೇಲೆ ಒಂದು ಹಿಡಿ ಕ್ಯಾಪ್ಸೂಲನ್ನು ಮುಚ್ಚಳವಿಲ್ಲದ ಡಬ್ಬಿಯಲ್ಲಿ ಹಬೆಯಾಡುವ ನೀರಿನ ಪಾತ್ರೆಯ ಪಕ್ಕ ಐದು ದಿನ ಇಟ್ಟಳು. ಆರನೆಯ ದಿನ ಕೊಳವೆಗೆ ಹಾಕಿದಳು. ಮೂವತ್ತೈದನೆಯ ನಿಮಿಷಕ್ಕೆ ಒಂದರ ತುದಿ ಉಬ್ಬಿ, ಅದರಿಂದ ಬಿಳಿಯ ಎಳೆಯೊಂದು ನೀರಿಗಿಳಿಯಿತು. ಗಂಟೆ ತುಂಬುವಷ್ಟರಲ್ಲಿ ನಾಲ್ಕು ಒಡೆದಿದ್ದವು. ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ.

ಮೇಡಂ ಆ ಹಾಳೆಯನ್ನು ಎರಡು ಸಲ ಓದಿದರು. “ಎಷ್ಟು ಜನ ಹೀಗೆ ಮಾಡಿರಬಹುದು?”

“ಕೇಳಿ ನೋಡಿ ಮೇಡಂ. ಅಂಥ ಶೀಶೆನ ಯಾವ ಹೆಂಗಸು ತಾನೇ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಇಟ್ಕೋತಾಳೆ?”

ಕೇಳಿದರು. ಮೂವತ್ತೊಂದು ಹೆಂಗಸರಲ್ಲಿ ಹತ್ತೊಂಬತ್ತು ಮಂದಿ ಶೀಶೆ ಎಸೆದಿದ್ದರು. ಪೌಡರ್ ಡಬ್ಬಿಯಲ್ಲಿ, ಹಳೆಯ ಪರ್ಸಿನಲ್ಲಿ ಕ್ಯಾಪ್ಸೂಲು ಬಚ್ಚಿಟ್ಟಿದ್ದರು, ಒಬ್ಬಾಕೆಯಂತೂ ಕಾಲುಚೀಲದೊಳಗೆ. ಪ್ರಯೋಗ ನಿಂತಿತು. ಎಲ್ಲರನ್ನೂ ತಪಾಸಣೆಗೆ ಕರೆಸಿದರು.

ನಾದಿನಿಯ ಮಚ್ಚೆ ಕರಗಿರಲಿಲ್ಲ, ಹರಡಿತ್ತು. ಯಾರಿಗೆ ಯಾವುದು ಎಂಬ ಪಟ್ಟಿ ತೆರೆದಾಗ, ಅವಳಿಗೆ ಸಿಕ್ಕಿದ್ದು ಬರಿಯ ಪುಡಿಯಲ್ಲ, ನಿಜದ ಲಸಿಕೆಯೇ ಎಂದು ತಿಳಿಯಿತು. ಸರಿಯಾಗಿ ಕರುಳು ಸೇರಿದ್ದರೂ ಗುಣವಾಗುತ್ತಿತ್ತೆಂದು ಹೇಳಲಾಗದು ಎಂದರು ಡಾಕ್ಟರು. ಆ ಮಾತು ಗಡಿಯಾರದಕ್ಕನ ಕಿವಿಯ ಮೇಲೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ಆ ವಾರವೇ ಮಚ್ಚೆಯನ್ನು ಕತ್ತರಿಸಿ ತೆಗೆದರು.

ಕಾರ್ಖಾನೆಯಲ್ಲಿ ಲೇಪವನ್ನು ಎರಡು ಪದರ ಮಾಡಿದರು. ಒಂದೊಂದು ಕ್ಯಾಪ್ಸೂಲಿಗೂ ಬೇರೆ ಬೇರೆ ತೆಳು ತಗಡಿನ ಹಾಳೆಯ ಹೊದಿಕೆ; ಮೇಲೆ ಕಾಯಿಲೆಯ ಹೆಸರಿಲ್ಲ, ಬರಿಯ ಅಂಕಿ. ಹೆಸರು ಬೇಡವೆಂದು ಹಟ ಹಿಡಿದವಳು ಅವಳೇ. ಹೊಸದು ಹಬೆಯ ಪಕ್ಕ ಇಟ್ಟ ಮೇಲೂ ಆಮ್ಲವನ್ನು ಮೂರು ಗಂಟೆ ತಡೆಯಿತು. ಎಲ್ಲರೂ ಬೆನ್ನು ತಟ್ಟಿದರು. ಅವಳಿಗೆ ಊಟ ಸೇರಲಿಲ್ಲ.

ಮೂರು ವಾರದ ಮೇಲೆ ವರದಿ ಬಂತು. ಕತ್ತರಿಸಿದ ತುಣುಕಿನ ಅಂಚಿನಲ್ಲೂ ಕೆಟ್ಟ ಕಣಗಳಿದ್ದವು. ಇನ್ನಷ್ಟು ಆಳಕ್ಕೆ ಕತ್ತರಿಸಬೇಕು, ಆಮೇಲಿನದು ಆಮೇಲೆ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಒತ್ತಿಕೊಂಡು ಕೂತಿದ್ದರು.

“ಸೇರು ಅಂದೋಳು ನಾನು ಕಣೇ,” ಎಂದಳು ಗಡಿಯಾರದಕ್ಕ.

“ಶೀಶೆ ಬಿಸಾಕಿದೋಳು ನಾನು.” ವರದಿಯನ್ನು ಮಡಿಸುತ್ತ ನಾದಿನಿ ಕೇಳಿದಳು, “ಆ ಹೊಸದು ನನಗೆ ಕೊಡ್ತಾರಾ?”

“ಇಲ್ಲ. ಈಗ ಅದರಿಂದ ಆಗೋದಲ್ಲ ಅಂತಾರೆ.”

ಬಾಗಿಲು ತೆರೆದು ನರ್ಸ್ ಕರೆದಳು. ನಾದಿನಿ ಎದ್ದು ಸೆರಗು ಸರಿಮಾಡಿಕೊಂಡಳು.

“ನೀವೂ ಒಳಗೆ ಬನ್ನಿ, ಅತ್ತಿಗೆ,” ಎಂದಳು. ಗಡಿಯಾರದಕ್ಕ ಅವಳ ಕೈ ಹಿಡಿದಳು. ಇಬ್ಬರೂ ಒಳಗೆ ಹೋದರು.